ವಿದೇಶದಲ್ಲಿ ಕಲಿತ ವೈದ್ಯ ಅಥಣಿಯಲ್ಲಿ ನೆಲೆಸಬೇಕಾದರೆ

ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ರಸಗೊಬ್ಬರ, ಹನಿ ನೀರಾವರಿ, ಟ್ರ್ಯಾಕ್ಟರ್ ಸಾಲಗಳ ಫಲಕಗಳ ನಡುವೆ ಇನ್ನೊಂದು ಬಗೆಯ ಫಲಕವೂ ಕಣ್ಣಿಗೆ ಬೀಳುತ್ತದೆ. ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಫಿಲಿಪ್ಪೀನ್ಸ್‌ಗಳಲ್ಲಿ ಎಂಬಿಬಿಎಸ್ ಮಾಡಿಸಿಕೊಡುವ ಭರವಸೆಯ ಫಲಕ ಅದು. ಬಿಳಿಯ ಕೋಟು ತೊಟ್ಟ ಯುವಕ-ಯುವತಿಯರ ಚಿತ್ರ, ಹಿಂಬದಿಗೆ ಗುಮ್ಮಟವಿರುವ ಒಂದು ಕಟ್ಟಡ, ಕೆಳಗೆ ಎರಡು ಮೊಬೈಲ್ ಸಂಖ್ಯೆ. ಮಗ ಅಥವಾ ಮಗಳಿಗೆ ನೀಟ್ ಪರೀಕ್ಷೆಯಲ್ಲಿ ಅರ್ಹತೆಯ ಅಂಕ ಬಂದು ಸರ್ಕಾರಿ ಸೀಟು ಸಿಗದೇ ಹೋದಾಗ ಈ ಭಾಗದ ತಂದೆ-ತಾಯಂದಿರು ಆ ಸಂಖ್ಯೆಗೆ ಕರೆ ಮಾಡುತ್ತಾರೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಭೂಮಿ ಇದು. ಕಬ್ಬಿನ ಹಣ ಇದೆ. ಆದರೆ ಆ ಹಣ ನಮ್ಮದೇ ರಾಜ್ಯದ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲದು. ಎರಡೆಕರೆ ಮಾರಿ, ಬ್ಯಾಂಕಿನಲ್ಲಿ ಒಂದಿಷ್ಟು ಸಾಲ ಎತ್ತಿದರೆ ವಿದೇಶದ ಆರು ವರ್ಷ ಹೇಗೋ ದಾಟುತ್ತದೆ ಎಂಬುದು ಇಲ್ಲಿನ ಲೆಕ್ಕಾಚಾರ.

ಹೀಗೆ ಹೋದವರಲ್ಲಿ ಹಲವರು ಪದವಿ ಪಡೆದು ಮರಳಿದ್ದಾರೆ. ಅದೇ ಊರುಗಳಲ್ಲಿ ಸಂಜೆ ಐದರ ನಂತರ ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಆಂಬುಲೆನ್ಸಿನಲ್ಲಿ ಮಿರಜಕ್ಕೋ ಕೊಲ್ಹಾಪುರಕ್ಕೋ ಬೆಳಗಾವಿಗೋ ಕರೆದೊಯ್ಯುವುದು ಇಂದಿಗೂ ತಪ್ಪಿಲ್ಲ. ಒಂದು ಕಡೆ ವೈದ್ಯರಾಗಲು ಜಮೀನು ಮಾರುವ ಜನ, ಇನ್ನೊಂದು ಕಡೆ ವೈದ್ಯರಿಲ್ಲದ ದವಾಖಾನೆ. ಅರ್ಥಶಾಸ್ತ್ರದ ಪಠ್ಯಪುಸ್ತಕದ ಪ್ರಕಾರ ಪೂರೈಕೆ ಮತ್ತು ಬೇಡಿಕೆ ಒಂದೇ ಊರಿನಲ್ಲಿದ್ದರೆ ಅವೆರಡೂ ಸಂಧಿಸಬೇಕು. ಇಲ್ಲಿ ಸಂಧಿಸುತ್ತಿಲ್ಲ. ಮಧ್ಯೆ ಏನೋ ತಡೆಯಿದೆ, ಆ ತಡೆಯ ಬಹುಭಾಗ ಸರ್ಕಾರದ ಕೈಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಈ ಐದು ತಾಲ್ಲೂಕುಗಳ ಭೂಗೋಳವನ್ನು ಬೆಂಗಳೂರಿನ ಓದುಗರಿಗೆ ಸ್ವಲ್ಪ ವಿವರಿಸಬೇಕು. ಚಿಕ್ಕೋಡಿ, ರಾಯಬಾಗ, ಅಥಣಿ ಹಳೆಯ ತಾಲ್ಲೂಕುಗಳು. ನಿಪ್ಪಾಣಿ ಚಿಕ್ಕೋಡಿಯಿಂದಲೂ ಕಾಗವಾಡ ಅಥಣಿಯಿಂದಲೂ ಬೇರ್ಪಟ್ಟು 2018ರಲ್ಲಿ ಹೊಸ ತಾಲ್ಲೂಕುಗಳಾಗಿ ಅಸ್ತಿತ್ವಕ್ಕೆ ಬಂದವು. ಅಥಣಿಯ ಪೂರ್ವಕ್ಕಿರುವ ತೆಲಸಂಗದ ಕಡೆಯ ಒಣಭೂಮಿಯ ಹಳ್ಳಿಗನೊಬ್ಬ ಜಿಲ್ಲಾ ಕೇಂದ್ರವಾದ ಬೆಳಗಾವಿಯನ್ನು ತಲುಪಲು ನೂರು ಕಿಲೋಮೀಟರಿಗೂ ಎಷ್ಟೋ ಹೆಚ್ಚು ದೂರ ಕ್ರಮಿಸಬೇಕು. ಚಿಕ್ಕೋಡಿಯನ್ನು ಪ್ರತ್ಯೇಕ ಜಿಲ್ಲೆಯಾಗಿ 1997ರಲ್ಲಿ ಘೋಷಿಸಿ ಆಮೇಲೆ ಹಿಂತೆಗೆದುಕೊಂಡ ಕಥೆ ಎಲ್ಲರಿಗೂ ಗೊತ್ತಿದೆ. ಶಿಕ್ಷಣ ಇಲಾಖೆಗೆ ಮಾತ್ರ ಚಿಕ್ಕೋಡಿ ಪ್ರತ್ಯೇಕ ಜಿಲ್ಲೆ, ರೋಗಿಗೆ ಅಲ್ಲ. 371ಜೆ ವಿಧಿಯ ಸ್ಥಳೀಯ ಮೀಸಲಾತಿ ಕಲ್ಯಾಣ ಕರ್ನಾಟಕಕ್ಕೆ ಅನ್ವಯಿಸುತ್ತದೆ, ಬೆಳಗಾವಿ ವಿಭಾಗಕ್ಕಲ್ಲ. ಹೀಗಾಗಿ ಸ್ಥಳೀಯ ಅಭ್ಯರ್ಥಿಯನ್ನೇ ಸ್ಥಳೀಯ ಹುದ್ದೆಗೆ ತರುವ ಕಾನೂನಿನ ಬಲವೂ ಇಲ್ಲಿಗಿಲ್ಲ.

ವಿದೇಶದಲ್ಲಿ ಕಲಿತ ವೈದ್ಯ ಎಂದರೆ ಮೂಗು ಮುರಿಯುವವರು ಈ ಭಾಗದ ಇತಿಹಾಸವನ್ನೊಮ್ಮೆ ನೋಡಬೇಕು. ಕಾಗವಾಡದಿಂದ ಗಡಿ ದಾಟಿದರೆ ಅರ್ಧ ಗಂಟೆಯಲ್ಲಿ ಮಿರಜ. ಕೆನಡಾದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವೈದ್ಯಕೀಯ ಕಲಿತ ವಿಲಿಯಂ ಜೇಮ್ಸ್ ವಾನ್ಲೆಸ್ 1889ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯನಾಗಿ ಭಾರತಕ್ಕೆ ಬಂದರು. ಮಿರಜದಲ್ಲಿ ಅವರ ಆಸ್ಪತ್ರೆಯ ಕಟ್ಟಡ ಎದ್ದದ್ದು 1894ರಲ್ಲಿ. ಅವರು 1928ರಲ್ಲಿ ನಿವೃತ್ತರಾಗುವವರೆಗೆ ಸುಮಾರು ನಲವತ್ತು ವರ್ಷ ಈ ಸೀಮೆಯಲ್ಲೇ ಉಳಿದರು. ಸದರ್ನ್ ಮರಾಠಾ ರೈಲ್ವೆಯ ಹಾದಿಯಲ್ಲಿ ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳಲ್ಲಿ ಹತ್ತಿದವರು ಮಿರಜದಲ್ಲಿ ಇಳಿಯುತ್ತಿದ್ದರು. ಕಣ್ಣಿನ ಪೊರೆ, ಮೂತ್ರಕೋಶದ ಕಲ್ಲು, ಕಷ್ಟದ ಹೆರಿಗೆ ಎಂದರೆ ಅಂದಿನ ಕನ್ನಡ ಹಳ್ಳಿಗಳಿಗೂ ಮಿರಜವೇ ಗತಿ. ಆ ರೂಢಿ ಎಷ್ಟು ಗಟ್ಟಿಯೆಂದರೆ ನಾನು ಚಿಕ್ಕೋಡಿ ಉಪವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗಲೂ ‘ದೊಡ್ಡ ದವಾಖಾನಿಗೆ ಒಯ್ದಾರ’ ಎಂದು ಯಾರಾದರೂ ಹೇಳಿದರೆ ಯಾವ ಊರೆಂದು ಕೇಳುವ ಅಗತ್ಯವಿರುತ್ತಿರಲಿಲ್ಲ.

ವಾನ್ಲೆಸ್ ಒಬ್ಬ ಕುಶಲ ಶಸ್ತ್ರವೈದ್ಯ ಮಾತ್ರ ಆಗಿದ್ದರೆ ಅವರ ಹೆಸರು ಅವರೊಂದಿಗೆ ಮುಗಿಯುತ್ತಿತ್ತು. ಅವರು 1897ರಲ್ಲಿಯೇ ಅಲ್ಲಿ ವೈದ್ಯಕೀಯ ಶಾಲೆಯನ್ನು ತೆರೆದು ಸ್ಥಳೀಯ ಹುಡುಗರನ್ನು ತರಬೇತುಗೊಳಿಸಲು ಆರಂಭಿಸಿದರು. ಅಲ್ಲಿ ಕಲಿತವರು ಸುತ್ತಲಿನ ಪೇಟೆಗಳಿಗೆ ಹರಡಿಕೊಂಡರು. ಅವರು ಎಂಬಿಬಿಎಸ್ ಪದವೀಧರರಲ್ಲ. ಲೈಸೆನ್ಷಿಯೇಟ್ ಎಂದು ಕರೆಯಲಾಗುತ್ತಿದ್ದ, ಕಡಿಮೆ ಅವಧಿಯ ಕೋರ್ಸು ಮುಗಿಸಿದವರು. 1946ರ ಭೋರ್ ಸಮಿತಿ ಒಂದೇ ಬಗೆಯ ಪದವೀಧರ ವೈದ್ಯ ಸಾಕು ಎಂದು ಶಿಫಾರಸು ಮಾಡಿ ಆ ವರ್ಗವನ್ನೇ ನಿಲ್ಲಿಸುವ ದಾರಿ ತೋರಿತು. ಗುಣಮಟ್ಟದ ದೃಷ್ಟಿಯಿಂದ ಅದು ಸರಿಯಾದ ಶಿಫಾರಸೇ ಇರಬಹುದು. ಆದರೆ ಹಳ್ಳಿಯಲ್ಲಿ ನಿಲ್ಲುವ ವೈದ್ಯ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಅಂದಿನಿಂದ ಇಂದಿನವರೆಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಇತ್ತ ಘಟಪ್ರಭಾದಲ್ಲಿ ಇನ್ನೊಂದು ಉದಾಹರಣೆ ಇದೆ. ಸೇವಾದಳದ ಡಾ. ನಾ.ಸು. ಹರ್ಡೀಕರ್ ಅವರು ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಾಸ ಮಾಡಿ ಮರಳಿದವರು. ಸ್ವಾತಂತ್ರ್ಯ ಚಳವಳಿಯ ಗಡಿಬಿಡಿಯ ನಡುವೆಯೂ ಘಟಪ್ರಭಾದ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್‌ನೊಂದಿಗೆ ಅವರ ಹೆಸರು ಬೆಸೆದುಕೊಂಡಿತು. ಹೊರಗೆ ಕಲಿತು ಬಂದವರು ಈ ಸೀಮೆಗೆ ಹೊಸಬರಲ್ಲ. ಅಂದು ಅವರು ನೆಲೆಯೂರಲು ಒಂದು ಸಂಸ್ಥೆ ಬೆನ್ನಿಗಿತ್ತು. ಇಂದು ಮರಳಿ ಬರುವ ಹುಡುಗ-ಹುಡುಗಿಯರ ಬೆನ್ನಿಗೆ ಯಾವ ಸಂಸ್ಥೆಯೂ ಇಲ್ಲ.

ಅವರ ಹಾದಿಯಲ್ಲಿ ಮೊದಲು ಎದುರಾಗುವುದು ಪರೀಕ್ಷೆ. ವಿದೇಶಿ ವೈದ್ಯಕೀಯ ಪದವೀಧರರಿಗಾಗಿ 2002ರಿಂದ ಸ್ಕ್ರೀನಿಂಗ್ ಪರೀಕ್ಷೆ ಜಾರಿಯಲ್ಲಿದೆ. ಎಫ್‌ಎಂಜಿಇ ಎಂಬುದು ಅದರ ಚಿಕ್ಕ ಹೆಸರು. ರಾಷ್ಟ್ರೀಯ ಪರೀಕ್ಷಾ ಮಂಡಳಿ ವರ್ಷಕ್ಕೆ ಎರಡು ಬಾರಿ ನಡೆಸುವ ಈ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಬಂದರೆ ತೇರ್ಗಡೆ. ಹಲವು ವರ್ಷಗಳಲ್ಲಿ ತೇರ್ಗಡೆಯಾದವರ ಪ್ರಮಾಣ ನೂರಕ್ಕೆ ಇಪ್ಪತ್ತರ ಆಸುಪಾಸಿನಲ್ಲಷ್ಟೇ ಇತ್ತು. ಕೆಲವರು ನಾಲ್ಕು, ಐದು ಸಲ ಕೂರುತ್ತಾರೆ. ಇದನ್ನು ಕಂಡು ಮರುಗಿ ಪರೀಕ್ಷೆಯನ್ನೇ ಸಡಿಲಿಸಬೇಕೆಂದು ಒತ್ತಾಯಿಸುವ ಪೋಷಕರ ಗುಂಪುಗಳಿವೆ. ನನ್ನ ಸಹಮತ ಅದಕ್ಕಿಲ್ಲ. ವಿದೇಶದ ಕೆಲವು ಕಾಲೇಜುಗಳಲ್ಲಿ ರೋಗಿಯ ಹಾಸಿಗೆಯ ಬಳಿಗೆ ವಿದ್ಯಾರ್ಥಿಯನ್ನು ಬಿಡುವುದೇ ಅಪರೂಪ. ಅಂಥವನ ಕೈಗೆ ಅಥಣಿಯ ರೋಗಿಯನ್ನು ಒಪ್ಪಿಸುವುದು, ಆತ ಅಥಣಿಯವನೇ ಆದರೂ, ಸಲ್ಲದು. ಬಡವರ ಊರಿಗೆ ಕಡಿಮೆ ಅಂಕದ ವೈದ್ಯ ಸಾಕು ಎಂಬ ವಾದದಲ್ಲಿ ಒಂದು ಬಗೆಯ ಅವಮಾನವೂ ಅಡಗಿದೆ. 2021ರ ನವೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಾವಳಿ ತಂದು, ವಿದೇಶದ ಕೋರ್ಸು ಕನಿಷ್ಠ 54 ತಿಂಗಳದ್ದಾಗಿರಬೇಕು, ಬೋಧನೆ ಇಂಗ್ಲಿಷಿನಲ್ಲಿರಬೇಕು, ಅದೇ ಸಂಸ್ಥೆಯಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಆಗಿರಬೇಕು, ಭಾರತಕ್ಕೆ ಬಂದ ಮೇಲೆ ಮತ್ತೊಂದು ವರ್ಷ ಮಾಡಬೇಕು ಎಂದು ವಿಧಿಸಿದ್ದು ಸರಿಯಾದ ಕ್ರಮವೇ.

ನನ್ನ ತಕರಾರು ಇರುವುದು ಪರೀಕ್ಷೆ ಪಾಸಾದವರನ್ನು ನಾವು ನಡೆಸಿಕೊಳ್ಳುವ ರೀತಿಯ ಬಗ್ಗೆ. ತೇರ್ಗಡೆಯಾದವನು ರಾಜ್ಯ ವೈದ್ಯಕೀಯ ಪರಿಷತ್ತಿನ ತಾತ್ಕಾಲಿಕ ನೋಂದಣಿ ಪಡೆದು ಇಂಟರ್ನ್‌ಶಿಪ್ ಮುಗಿಸಿದರಷ್ಟೇ ವೈದ್ಯ. ಆದರೆ ಆ ಇಂಟರ್ನ್‌ಶಿಪ್ಪಿಗೆ ಜಾಗವೆಲ್ಲಿ? ಒಂದು ವೈದ್ಯಕೀಯ ಕಾಲೇಜು ತನ್ನ ಒಟ್ಟು ಸೀಟುಗಳ ಶೇ 7.5ರಷ್ಟು ಸ್ಥಾನಗಳನ್ನು ಮಾತ್ರ ವಿದೇಶಿ ಪದವೀಧರರಿಗೆ ಕೊಡಬಹುದು ಎಂದು 2022ರ ಮಾರ್ಚ್‌ನಲ್ಲಿ ಆಯೋಗ ಮಿತಿ ಹಾಕಿತು. ಲೆಕ್ಕ ಸರಳ: 150 ಸೀಟುಗಳ ಕಾಲೇಜಿನಲ್ಲಿ 11 ಮಂದಿಗೆ ಜಾಗ. ಅವರಿಂದ ಶುಲ್ಕ ಪಡೆಯಬಾರದು, ಉಳಿದ ಇಂಟರ್ನ್‌ಗಳಿಗೆ ಕೊಡುವಷ್ಟೇ ಸ್ಟೈಪೆಂಡ್ ಅವರಿಗೂ ಕೊಡಬೇಕು ಎಂದೂ ಅದೇ ಸುತ್ತೋಲೆ ಹೇಳಿತ್ತು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಸ್ಥಾನಗಳು ಕಡಿಮೆಯಿದ್ದಲ್ಲಿ ಸರದಿ ಇರುತ್ತದೆ, ಸರದಿ ಇದ್ದಲ್ಲಿ ವಶೀಲಿ ಇರುತ್ತದೆ. ಮೂವತ್ತೈದು ವರ್ಷ ಸರ್ಕಾರಿ ಕಚೇರಿಗಳಲ್ಲಿ ಕಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಉಕ್ರೇನ್ ಯುದ್ಧ ಈ ಇಕ್ಕಟ್ಟನ್ನು ಇನ್ನಷ್ಟು ಬಿಗಿಗೊಳಿಸಿತು. 2022ರ ಫೆಬ್ರುವರಿ-ಮಾರ್ಚ್‌ನಲ್ಲಿ ಅಲ್ಲಿಂದ ಸುಮಾರು 22,500 ಭಾರತೀಯರು ಮರಳಿದರು. ಅವರಲ್ಲಿ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳು. ಖಾರ್ಕಿವ್‌ನಲ್ಲಿ ಮಾರ್ಚ್ 1ರಂದು ಪ್ರಾಣ ಕಳೆದುಕೊಂಡ ವಿದ್ಯಾರ್ಥಿ ನಮ್ಮದೇ ಹಾವೇರಿ ಜಿಲ್ಲೆಯವನು. ಅಂದು ವಿಮಾನ ನಿಲ್ದಾಣದಲ್ಲಿ ಹೂಗುಚ್ಛ ಹಿಡಿದು ನಿಂತ ಮಂತ್ರಿಮಹೋದಯರು ಮುಂದೆ ಆ ಮಕ್ಕಳು ಏನಾದರೆಂದು ವಿಚಾರಿಸಿದ್ದು ಕಡಿಮೆ. ಕೋವಿಡ್ ಮತ್ತು ಯುದ್ಧದ ಕಾರಣ ಕೊನೆಯ ವರ್ಷವನ್ನು ಆನ್‌ಲೈನಿನಲ್ಲಿ ಮುಗಿಸಬೇಕಾಗಿ ಬಂದವರಿಗೆ ಒಂದರ ಬದಲು ಎರಡು ವರ್ಷದ ಇಂಟರ್ನ್‌ಶಿಪ್ ವಿಧಿಸಲಾಯಿತು. ಕೈಯಿಂದ ಕಲಿಯಬೇಕಾದುದನ್ನು ಪರದೆಯ ಮೇಲೆ ಕಲಿಯಲಾಗದು ಎಂಬ ಆಯೋಗದ ನಿಲುವು ಒಪ್ಪತಕ್ಕದ್ದೇ. ಒಬ್ಬೊಬ್ಬರೂ ಎರಡೆರಡು ವರ್ಷ ಜಾಗ ಹಿಡಿದರೆ ಮುಂದಿನವನ ಸರದಿ ಯಾವಾಗ ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತಿಲ್ಲ.

ಉಗಾರದ ಕಡೆಯ ಒಬ್ಬ ಕಬ್ಬು ಬೆಳೆಗಾರ, ಹಳೆಯ ಪರಿಚಯಸ್ಥರು, ಹೋದ ಸಲ ಸಿಕ್ಕಾಗ ಹೇಳಿದ ಮಾತು ಹೀಗಿತ್ತು: ‘ಸಾಹೇಬ್ರ, ಮಗಾ ಡಾಕ್ಟರ್ ಆಗಿ ಬಂದು ಮೂರು ವರ್ಷ ಆತು. ಪರೀಕ್ಷಾನೂ ಪಾಸ್ ಆಗ್ಯಾನ. ಆದ್ರೂ ಇನ್ನ ಡಾಕ್ಟರ್ ಅಲ್ಲ ಅಂತಾರ್ರೀ. ಊರಾಗ ಮಂದಿ ಜ್ವರಕ್ಕ ಗುಳಿಗಿ ಕೇಳಾಕ ಬಂದ್ರ ಬಾಗಿಲ ಹಾಕ್ಕೊಂಡ ಕುಂದ್ರತಾನ.’ ಮಗ ಬಾಗಿಲು ಹಾಕಿಕೊಂಡು ಕುಳಿತದ್ದು ಅವನ ಪ್ರಾಮಾಣಿಕತೆಗೆ ಸಾಕ್ಷಿ. ಅದೇ ಓಣಿಯಲ್ಲಿ ಯಾವ ನೋಂದಣಿಯೂ ಇಲ್ಲದೆ ಸಲೈನ್ ಏರಿಸುವವನ ಬಾಗಿಲು ತೆರೆದೇ ಇರುತ್ತದೆ.

ಈ ಹಂತವನ್ನೂ ದಾಟಿದವರು ಎಲ್ಲಿಗೆ ಹೋಗುತ್ತಾರೆ? ಹುಟ್ಟಿದೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವವರು ಕಡಿಮೆ. ಬೆಳಗಾವಿ, ಕೊಲ್ಹಾಪುರ, ಪುಣೆಯ ಖಾಸಗಿ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯ ವೈದ್ಯರಾಗಿ ಸೇರಿಕೊಂಡು ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದುತ್ತಾರೆ. ಇದನ್ನು ಸೇವಾಮನೋಭಾವದ ಕೊರತೆ ಎಂದು ಕರೆಯುವುದು ಸುಲಭ. ತಲೆಯ ಮೇಲೆ ಇಪ್ಪತ್ತು-ಮೂವತ್ತು ಲಕ್ಷದ ಸಾಲ, ಮಾರಿಹೋದ ಹೊಲ, ಮದುವೆಗೆ ಬಂದ ತಂಗಿ. ಸರ್ಕಾರ ಮುಂದಿಡುವುದು ವರ್ಷ ವರ್ಷ ನವೀಕರಿಸಬೇಕಾದ ಗುತ್ತಿಗೆ ಹುದ್ದೆ. ಸಂಬಳದ ಮೊತ್ತಕ್ಕಿಂತ ಅದರ ಅನಿಶ್ಚಿತತೆ ಅವರನ್ನು ಓಡಿಸುತ್ತದೆ. ಬ್ಯಾಂಕಿನ ಕಂತು ಪ್ರತಿ ತಿಂಗಳು ನಿಶ್ಚಿತ ದಿನಾಂಕಕ್ಕೆ ಬರುತ್ತದೆ, ಗುತ್ತಿಗೆ ವೈದ್ಯನ ವೇತನ ಅನುದಾನ ಬಿಡುಗಡೆಯಾದಾಗ ಬರುತ್ತದೆ.

ರಾಯಬಾಗ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಕೆಲವು ತಿಂಗಳು ಕೆಲಸ ಮಾಡಿ ಬಿಟ್ಟುಬಂದ ಯುವ ವೈದ್ಯೆಯೊಬ್ಬರೊಂದಿಗೆ ನಾನು ದೀರ್ಘವಾಗಿ ಮಾತನಾಡಿದ್ದೇನೆ. ಆಕೆ ಫಿಲಿಪ್ಪೀನ್ಸ್‌ನಲ್ಲಿ ಕಲಿತವರು, ತವರು ಅದೇ ತಾಲ್ಲೂಕು. ರೋಗಿಗಳ ಬಗ್ಗೆ ಅವರಿಗೆ ದೂರಿರಲಿಲ್ಲ, ಹಳ್ಳಿಯ ಬಗ್ಗೆಯೂ ಇರಲಿಲ್ಲ. ವಸತಿಗೃಹದ ಛಾವಣಿ ಸೋರುತ್ತಿತ್ತು, ರಾತ್ರಿ ಹೊತ್ತು ಕಾವಲಿಗೆ ಯಾರೂ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಒಂಟಿತನ. ‘ಒಂದು ಮಗುವಿಗೆ ಉಸಿರಾಟದ ತೊಂದರೆ ಬಂದರೆ ಫೋನು ಮಾಡಿ ಕೇಳಲು ಒಬ್ಬ ಹಿರಿಯ ವೈದ್ಯರಿರಲಿಲ್ಲ ಸರ್. ತಪ್ಪಾದರೆ ವಿದೇಶದಲ್ಲಿ ಓದಿದವಳು ಎಂದೇ ಹೇಳುತ್ತಾರೆ’ ಎಂದರು. ಇಲ್ಲಿಯೇ ಕಲಿತ ವೈದ್ಯನಿಗೆ ತನ್ನ ಕಾಲೇಜಿನ ಗುರುಗಳು, ಸೀನಿಯರ್‌ಗಳು ಇದ್ದೇ ಇರುತ್ತಾರೆ. ಕಷ್ಟದ ಕೇಸು ಬಂದರೆ ಕರೆ ಮಾಡುತ್ತಾನೆ, ರೋಗಿಯನ್ನು ಕಳಿಸುತ್ತಾನೆ. ಮನಿಲಾದಲ್ಲೋ ಬಿಷ್ಕೆಕ್‌ನಲ್ಲೋ ಕಲಿತವಳಿಗೆ ಆ ಬಳಗ ಇಲ್ಲ. ನೆಲೆಗೊಳಿಸುವುದು ಎಂದರೆ ಮನೆ ಕೊಡುವುದಷ್ಟೇ ಅಲ್ಲ, ಆ ಬಳಗವನ್ನು ಕಟ್ಟಿಕೊಡುವುದೂ ಹೌದು. ನಮ್ಮ ನೇಮಕಾತಿ ಆದೇಶಗಳಲ್ಲಿ ಅದಕ್ಕೊಂದು ಸಾಲೂ ಇರುವುದಿಲ್ಲ.

ಇಷ್ಟೆಲ್ಲ ಶ್ರಮಪಟ್ಟು ಇವರನ್ನೇ ಏಕೆ ಉಳಿಸಿಕೊಳ್ಳಬೇಕು, ಬೆಂಗಳೂರು-ಮೈಸೂರಿನ ಪದವೀಧರರನ್ನು ಗ್ರಾಮೀಣ ಸೇವೆಗೆ ಕಳಿಸಿದರಾಗದೇ ಎಂದು ಕೇಳಬಹುದು. ಕಡ್ಡಾಯ ಸೇವೆಗೆಂದೇ ರಾಜ್ಯದಲ್ಲಿ 2012ರ ಕಾಯ್ದೆಯಿದೆ. 2023ರ ತಿದ್ದುಪಡಿಯ ನಂತರ ಅದು ಖಾಲಿ ಹುದ್ದೆಗಳಿರುವಷ್ಟು ಮಂದಿಗೆ ಸೀಮಿತವಾಯಿತು. ಕಡ್ಡಾಯದ ಮೇಲೆ ಬಂದವನು ಕ್ಯಾಲೆಂಡರ್ ನೋಡುತ್ತಾ ಕುಳಿತಿರುತ್ತಾನೆ. ವರ್ಷ ತುಂಬಿದ ದಿನ ಹೊರಡುತ್ತಾನೆ. ಅದಕ್ಕಿಂತ ಮುಖ್ಯವಾದದ್ದು ಭಾಷೆ. ನಿಪ್ಪಾಣಿಯ ತಂಬಾಕಿನ ವಖಾರಿನಲ್ಲಿ ಕೆಲಸ ಮಾಡಿ ಕೆಮ್ಮು ಹಿಡಿದ ಹೆಂಗಸು ತನ್ನ ಕಷ್ಟವನ್ನು ಮರಾಠಿಯಲ್ಲಿ ಹೇಳಿಕೊಳ್ಳುತ್ತಾಳೆ. ತೆಲಸಂಗದ ಮುದುಕ ‘ಎದಿ ಹಿಡದಂಗ ಆಗೇತಿ, ಜೀವ ಕಸವಿಸಿ ಆಗತೈತಿ’ ಎನ್ನುತ್ತಾನೆ. ಕಬ್ಬು ಕಟಾವಿನ ಹಂಗಾಮಿನಲ್ಲಿ ಮರಾಠವಾಡಾದಿಂದ ಬಂದು ಗುಡಿಸಲು ಹಾಕಿಕೊಂಡ ಕುಟುಂಬದ ಬಸುರಿ ತನ್ನ ದಿನಗಳ ಲೆಕ್ಕವನ್ನು ಹಬ್ಬ-ಹುಣ್ಣಿಮೆಗಳಿಂದ ಹೇಳುತ್ತಾಳೆ. ರೋಗದ ಪೂರ್ವವೃತ್ತಾಂತ ಪಡೆಯುವುದೇ ಅರ್ಧ ಚಿಕಿತ್ಸೆ ಎಂದು ವೈದ್ಯ ಮಿತ್ರರು ಹೇಳುತ್ತಾರೆ. ಈ ಎರಡು ಭಾಷೆಗಳನ್ನು ಇಲ್ಲಿನ ಉಪಭಾಷೆಯ ಸಹಿತ ಬಲ್ಲ ವೈದ್ಯ ಬೇಕೆಂದರೆ ಆತ ಚಿಂಚಲಿಯ ಜಾತ್ರೆಯಲ್ಲೋ ನಿಪ್ಪಾಣಿಯ ಸಂತೆಯಲ್ಲೋ ಬೆಳೆದವನಾಗಿರಬೇಕು. ವಿಚಿತ್ರವೆಂದರೆ, ನಮ್ಮ ಈ ಮಕ್ಕಳಲ್ಲಿ ಹಲವರು ಅಲ್ಲಿನ ರೋಗಿಗಳೊಂದಿಗೆ ಮಾತನಾಡಲು ರಷ್ಯನ್ ಕಲಿತು ಬಂದಿದ್ದಾರೆ. ಬೇಕಾದ ಎರಡೂ ಭಾಷೆ ತಾಯಿ ಎದೆಹಾಲಿನೊಂದಿಗೆ ಬಂದ ಊರಿನಲ್ಲಿ ಮಾತ್ರ ಅವರಿಗೆ ರೋಗಿಗಳಿಲ್ಲ.

ಗಡಿಯ ವಿಷಯವನ್ನೂ ಇಲ್ಲಿ ಹೇಳಬೇಕು. ಗಡಿಯಾಚೆಯ ಆಸ್ಪತ್ರೆಯನ್ನೇ ನೆಚ್ಚಿಕೊಂಡು ಬದುಕುವುದರ ಅಪಾಯ 2020 ಮತ್ತು 2021ರಲ್ಲಿ ಬಯಲಾಯಿತು. ನಿಪ್ಪಾಣಿ ಬಳಿಯ ಕೊಗನೊಳಿಯಲ್ಲಿ, ಕಾಗವಾಡದಲ್ಲಿ ತಪಾಸಣಾ ನಾಕೆಗಳು ಎದ್ದು, ಕೋವಿಡ್ ನೆಗೆಟಿವ್ ವರದಿಯಿಲ್ಲದೆ ಗಡಿ ದಾಟುವಂತಿರಲಿಲ್ಲ. ಅಲ್ಲಿಯವರೆಗೆ ಗಡಿ ಎಂಬುದು ಈ ಜನರಿಗೆ ನಕಾಶೆಯ ಮೇಲಿನ ಗೆರೆ ಮಾತ್ರವಾಗಿತ್ತು. 2023ರ ಏಪ್ರಿಲಿನಲ್ಲಿ ಮಹಾರಾಷ್ಟ್ರ ಸರ್ಕಾರ ಕರ್ನಾಟಕದ 865 ಗಡಿ ಹಳ್ಳಿಗಳಿಗೆ ತನ್ನ ಮಹಾತ್ಮ ಫುಲೆ ಜನಾರೋಗ್ಯ ಯೋಜನೆಯನ್ನು ವಿಸ್ತರಿಸಲು ಹೊರಟಾಗ ಇಲ್ಲಿ ದೊಡ್ಡ ಗದ್ದಲವಾಯಿತು. ಕರ್ನಾಟಕದ ಆಕ್ಷೇಪ ನ್ಯಾಯವಾದದ್ದೇ. ನಮ್ಮ ಪ್ರಜೆಯ ಚಿಕಿತ್ಸೆಯ ಹೊಣೆಯನ್ನು ನೆರೆ ರಾಜ್ಯ ಹೊರುವುದು ನಮಗೆ ಶೋಭೆಯಲ್ಲ. ಆದರೆ ಆ ವಿಮೆಯ ಕಾರ್ಡಿಗೆ ಬೆಲೆ ಬರುವುದು ನಮ್ಮ ದವಾಖಾನೆಯ ಕುರ್ಚಿ ಖಾಲಿ ಇರುವುದರಿಂದ. ಅಂದಿನ ಟಿವಿ ಚರ್ಚೆಗಳಲ್ಲಿ ಗಡಿ ತಾಲ್ಲೂಕುಗಳ ವೈದ್ಯರ ಖಾಲಿ ಹುದ್ದೆಗಳ ಬಗ್ಗೆ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಹೊರದೇಶಗಳು ಇದನ್ನು ಹೇಗೆ ನಿಭಾಯಿಸಿವೆ ಎಂದು ನೋಡಲು ಬೆಳಗಾವಿಗಿಂತ ದೂರ ಹೋಗಬೇಕಿಲ್ಲ. ಮಲೇಷ್ಯಾದ ಸೈನ್ಸ್ ವಿಶ್ವವಿದ್ಯಾಲಯವು ಕೆಎಲ್‌ಇ ಸಂಸ್ಥೆಯ ಸಹಯೋಗದಲ್ಲಿ 2010ರಿಂದ ಬೆಳಗಾವಿಯಲ್ಲೇ ವೈದ್ಯಕೀಯ ಕೋರ್ಸು ನಡೆಸಿತು. ಮಲೇಷ್ಯಾದ ಮಕ್ಕಳು ಇಲ್ಲಿ ಬಂದು, ಚಿಕ್ಕೋಡಿ-ರಾಯಬಾಗಗಳಿಂದ ಬರುವ ನಮ್ಮ ರೋಗಿಗಳ ಹಾಸಿಗೆಯ ಬಳಿ ನಿಂತು ವಿದ್ಯೆ ಕಲಿತರು. ಅವರಿಗೆ ಸಿಕ್ಕಿದ್ದು ತಮ್ಮದೇ ದೇಶದ ವಿಶ್ವವಿದ್ಯಾಲಯದ ಪದವಿ. ಹೊರದೇಶದಲ್ಲಿ ಕಲಿಯುವ ತನ್ನ ಮಗು ಮರಳಿ ಬಂದ ಮೇಲೆ ಯಾವ ಬಾಗಿಲು ತಟ್ಟಬೇಕು ಎಂಬುದನ್ನು ಆ ದೇಶ ಮೊದಲೇ ಯೋಚಿಸಿತ್ತು. ಬ್ರಿಟನ್ನಿನ ಕಥೆ ಇನ್ನೂ ಹಳೆಯದು. 1948ರಲ್ಲಿ ಆರಂಭವಾದ ಅದರ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಗಣಿ ಪ್ರದೇಶಗಳಲ್ಲಿ, ಕೈಗಾರಿಕಾ ಪಟ್ಟಣಗಳಲ್ಲಿ ಎತ್ತಿ ನಿಲ್ಲಿಸಿದವರಲ್ಲಿ ದಕ್ಷಿಣ ಏಷ್ಯಾದ ವೈದ್ಯರ ಪಾಲು ದೊಡ್ಡದು. ಬ್ರಿಟಿಷ್ ವೈದ್ಯರು ಹೋಗಲೊಲ್ಲದ ಊರುಗಳಿಗೆ ಅವರು ಹೋದರು, ಹಲವರು ಅಲ್ಲಿಯೇ ಮುದುಕರಾದರು. ಅವರಿಗೆ ಎದುರಾದ ತಾರತಮ್ಯ ಸಣ್ಣದಲ್ಲ. ಆದರೂ ಪರೀಕ್ಷೆ ಇತ್ತು, ಹುದ್ದೆ ಇತ್ತು, ಸಂಬಳ ಸಮಯಕ್ಕೆ ಬರುತ್ತಿತ್ತು.

ಹಾಗಾದರೆ ಇಲ್ಲಿ ಮಾಡಬಹುದಾದದ್ದೇನು? ಮೊದಲನೆಯದು ಇಂಟರ್ನ್‌ಶಿಪ್. ಬೋಧನಾ ಆಸ್ಪತ್ರೆಗಳಲ್ಲದ ದವಾಖಾನೆಗಳಲ್ಲೂ ವಿದೇಶಿ ಪದವೀಧರರಿಗೆ ಇಂಟರ್ನ್‌ಶಿಪ್ ಮಾಡಲು ಆಯೋಗ 2023ರಲ್ಲಿ ಸೀಮಿತ ಅವಧಿಗೆ ಅವಕಾಶ ಕೊಟ್ಟಿತ್ತು. ಆದ್ದರಿಂದ ಅದು ಅಸಾಧ್ಯವಾದ ಬೇಡಿಕೆಯಲ್ಲ. ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಚಿಕ್ಕೋಡಿ, ಅಥಣಿ, ರಾಯಬಾಗದ ತಾಲ್ಲೂಕು ಆಸ್ಪತ್ರೆಗಳಿಗೆ ವರ್ಷದ ಒಂದು ಭಾಗವನ್ನು ಹಂಚಬಹುದು. ಮೆಡಿಸಿನ್, ಸರ್ಜರಿ, ಹೆರಿಗೆ ವಿಭಾಗಗಳ ಮುಖ್ಯ ತರಬೇತಿ ಬೆಳಗಾವಿಯಲ್ಲಿ, ಉಳಿದದ್ದು ಇಲ್ಲಿ. ಇದಕ್ಕೆ ಆಯೋಗದ ಒಪ್ಪಿಗೆ ಬೇಕು, ಕೇಳಬೇಕಾದದ್ದು ರಾಜ್ಯ ಸರ್ಕಾರ. ತಾಲ್ಲೂಕು ಆಸ್ಪತ್ರೆಗಳಲ್ಲಿ ಕಲಿಸುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಗಡಿಯ ಎರಡೂ ಕಡೆ ನಿವೃತ್ತ ಸರ್ಜನ್‌ಗಳು, ಮಕ್ಕಳ ತಜ್ಞರು ಇದ್ದಾರೆ. ವಾರಕ್ಕೆ ಎರಡು ದಿನ ಬಂದು ವಾರ್ಡಿನಲ್ಲಿ ಸುತ್ತುಹಾಕಿ, ಉಳಿದ ದಿನ ಫೋನಿಗೆ ಸಿಗುವುದಕ್ಕೆ ಅವರಿಗೆ ಗೌರವಧನ ಕೊಟ್ಟರೆ ಆಗುವ ಖರ್ಚು ಒಂದು ಸಮಾವೇಶದ ಶಾಮಿಯಾನಾದ ಬಾಡಿಗೆಗಿಂತ ಹೆಚ್ಚಾಗಲಾರದು. ಆ ವೈದ್ಯೆ ಹೇಳಿದ ಒಂಟಿತನಕ್ಕೆ ಇದಕ್ಕಿಂತ ಅಗ್ಗದ ಔಷಧ ನನಗೆ ತೋಚುತ್ತಿಲ್ಲ.

ಎರಡನೆಯದು ಉಳಿಯಲು ಕಾರಣ. ಕಡ್ಡಾಯ ಸೇವೆಯ ಕಾಯ್ದೆ ರಾಜ್ಯದ ಕಾಲೇಜುಗಳಲ್ಲಿ ಕಲಿತವರಿಗೆ ಸಂಬಂಧಿಸಿದ್ದು. ವಿದೇಶದಲ್ಲಿ ಸ್ವಂತ ಖರ್ಚಿನಲ್ಲಿ ಕಲಿತವನನ್ನು ಸರ್ಕಾರ ಕಟ್ಟಿಹಾಕಲಾರದು, ಆಕರ್ಷಿಸಬೇಕು. ಯುವ ವೈದ್ಯನ ಕಣ್ಣಿರುವುದು ಸ್ನಾತಕೋತ್ತರ ಸೀಟಿನ ಮೇಲೆ. ಸೇವಾನಿರತ ವೈದ್ಯರಿಗೆ ಸ್ನಾತಕೋತ್ತರ ಸೀಟುಗಳಲ್ಲಿ ಮೀಸಲಾತಿ ಕಲ್ಪಿಸುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಆಗಸ್ಟ್‌ನಲ್ಲಿ ಹೇಳಿದೆ. ಗಡಿ ತಾಲ್ಲೂಕಿನ ದವಾಖಾನೆಯಲ್ಲಿ ನಾಲ್ಕೈದು ವರ್ಷ ಕಾಯಂ ಹುದ್ದೆಯಲ್ಲಿ ದುಡಿದವನಿಗೆ ಆ ಕೋಟಾದೊಳಗೆ ಆದ್ಯತೆ, ಓದು ಮುಗಿದ ಮೇಲೆ ಅದೇ ಉಪವಿಭಾಗಕ್ಕೆ ತಜ್ಞನಾಗಿ ಮರಳುವ ಕರಾರು. ಇದರ ಜೊತೆಗೆ ಸೇವೆಯಲ್ಲಿರುವಷ್ಟು ಕಾಲ ಶಿಕ್ಷಣ ಸಾಲದ ಬಡ್ಡಿಯನ್ನು ಸರ್ಕಾರ ಭರಿಸಿದರೆ ಕೊಲ್ಹಾಪುರದ ರಾತ್ರಿ ಪಾಳಿಯ ಸೆಳೆತ ತಾನಾಗಿ ಕಡಿಮೆಯಾಗುತ್ತದೆ. ಗಂಡ-ಹೆಂಡತಿ ಇಬ್ಬರೂ ವೈದ್ಯರಾದ ಪ್ರಕರಣಗಳು ಈಗ ಹೆಚ್ಚು. ಒಬ್ಬರನ್ನು ಅಥಣಿಗೂ ಇನ್ನೊಬ್ಬರನ್ನು ಖಾನಾಪುರಕ್ಕೂ ಹಾಕುವ ಆದೇಶಗಳಿಗೆ ಸಹಿ ಬೀಳುವುದನ್ನು ನಾನು ಸೇವೆಯಲ್ಲಿದ್ದಾಗ ಸಾಕಷ್ಟು ನೋಡಿದ್ದೇನೆ. ಇಬ್ಬರೂ ರಾಜೀನಾಮೆ ಕೊಡುವುದನ್ನೂ ನೋಡಿದ್ದೇನೆ.

ಖಾಸಗಿ ಸೀಟಿಗೆ ಕೋಟಿ ಸುರಿದವನಿಗಿಲ್ಲದ ಸವಲತ್ತು ಹಿಂಬಾಗಿಲಿನಿಂದ ವಿದೇಶಕ್ಕೆ ಹೋದವನಿಗೆ ಏಕೆ ಎಂಬ ಆಕ್ಷೇಪ ಬರುವುದು ಖಂಡಿತ. 150 ಅಂಕದ ಪರೀಕ್ಷೆ ದಾಟಿದ ಮೇಲೆ ಅದು ಹಿಂಬಾಗಿಲಲ್ಲ ಎಂಬುದಷ್ಟೇ ನನ್ನ ಉತ್ತರ. ಇಲ್ಲಿ ಹೇಳಿದ ಸವಲತ್ತನ್ನು ಅದೇ ದವಾಖಾನೆಯಲ್ಲಿ ಅಷ್ಟೇ ವರ್ಷ ದುಡಿಯಲು ಸಿದ್ಧವಿರುವ ಯಾವ ಪದವೀಧರನಿಗೂ ಕೊಡಲಿ. ಬರುವವರು ಯಾರೆಂಬುದು ಆಗ ಗೊತ್ತಾಗುತ್ತದೆ.

ನರ್ಸ್‌ಗಳ ವಿಷಯ ಪ್ರತ್ಯೇಕ ಲೇಖನಕ್ಕೆ ತಕ್ಕದ್ದು. ಅವರ ಪ್ರವಾಹ ತಿರುಗುಮುರುಗು: ಇಲ್ಲಿ ಕಲಿತು ಕೊಲ್ಲಿ ರಾಷ್ಟ್ರಗಳಿಗೆ, ಬ್ರಿಟನ್ನಿಗೆ, ಜರ್ಮನಿಗೆ ಹೋಗುವವರು ಅವರು. ವಿದೇಶಗಳು ನಡೆಸುವ ಇಂಥ ನೇಮಕಾತಿ ಹೇಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರ ಮೇ ತಿಂಗಳಿನಲ್ಲೇ ಒಂದು ಸಂಹಿತೆಯನ್ನು ಅಂಗೀಕರಿಸಿದೆ. ಹೋಗುವವರನ್ನು ತಡೆಯುವ ಹಕ್ಕು ನಮಗಿಲ್ಲ. ಐದಾರು ವರ್ಷ ತುರ್ತು ಚಿಕಿತ್ಸಾ ಘಟಕಗಳಲ್ಲಿ ಪಳಗಿ ಮರಳುವ ನಿಪ್ಪಾಣಿಯ ನರ್ಸಿಗೆ ನಮ್ಮ ಸೇವಾ ನಿಯಮದಲ್ಲಿ ವಯೋಮಿತಿ ಮೀರಿರುತ್ತದೆ ಎಂಬುದನ್ನು ಮಾತ್ರ ಆರೋಗ್ಯ ಇಲಾಖೆ ಗಮನಿಸಬೇಕು.

ಇದಾವುದಕ್ಕೂ ಮೊದಲು ಬೇಕಾದದ್ದು ಒಂದು ಪಟ್ಟಿ. ಈ ಐದು ತಾಲ್ಲೂಕುಗಳಿಂದ ವಿದೇಶಕ್ಕೆ ಹೋಗಿ ವೈದ್ಯಕೀಯ ಓದುತ್ತಿರುವವರು ಎಷ್ಟು, ಮರಳಿ ಪರೀಕ್ಷೆಗೆ ಕೂತವರು ಎಷ್ಟು, ಪಾಸಾಗಿ ಇಂಟರ್ನ್‌ಶಿಪ್ಪಿಗೆ ಕಾಯುತ್ತಿರುವವರು ಎಷ್ಟು ಎಂದು ಈಚೆಗೆ ಒಂದು ಕಚೇರಿಯಲ್ಲಿ ವಿಚಾರಿಸಿದೆ. ಅಂಥ ಮಾಹಿತಿ ಇಡುವ ಪದ್ಧತಿ ಇಲ್ಲ ಎಂದರು. ನೆರೆ ಬಂದಾಗ ಯಾವ ಮನೆಯ ಗೋಡೆ ಕುಸಿಯಿತು, ಎಷ್ಟು ಕೋಳಿ ಸತ್ತವು ಎಂಬ ಲೆಕ್ಕವನ್ನು 2005ರಲ್ಲೂ 2019ರಲ್ಲೂ ಇದೇ ಕೃಷ್ಣಾ ತೀರದ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ತೆಗೆಯಲಾಗಿತ್ತು. ಯಾರ ಮಗಳು ಬಿಷ್ಕೆಕ್‌ನಲ್ಲಿ ಓದುತ್ತಿದ್ದಾಳೆ, ಯಾರ ಮಗ ಪಾಸಾಗಿ ಮನೆಯಲ್ಲಿ ಕುಳಿತಿದ್ದಾನೆ ಎಂಬುದು ಪ್ರತಿ ಹಳ್ಳಿಯ ಚಾವಡಿಗೂ ಗೊತ್ತಿರುವ ಸಂಗತಿ. ಗ್ರಾಮ ಆಡಳಿತಾಧಿಕಾರಿಗಳಿಗೆ ತಹಶೀಲ್ದಾರರಿಂದ ಒಂದು ಪತ್ರ ಹೋದರೆ ಪಟ್ಟಿ ಒಂದು ವಾರದೊಳಗೆ ಉಪವಿಭಾಗಾಧಿಕಾರಿಯ ಮೇಜಿನ ಮೇಲಿರುತ್ತದೆ. ಎಫ್‌ಎಂಜಿಇ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಅವಧಿಯ ಪರೀಕ್ಷೆ. ಮುಂದಿನ ಫಲಿತಾಂಶ ಬರುವ ಮುನ್ನ ಆ ಪತ್ರಕ್ಕೆ ಸಹಿ ಹಾಕಲು ಸಮಯವಿದೆ.